ಲಂಡನ್ನಿಗೊಂದು ಕೋಣೆ, ಯಾರ್ಕಿಗೊಂದು ಕೋಣೆ

ಇಂಗ್ಲೆಂಡಿನ ಲಿಂಕನ್‌ಷೈರಿಗೆ ಸೇರಿದ ಸ್ಟ್ಯಾಮ್‌ಫರ್ಡ್ ಹಳೆಯ ಸಂತೆಯ ಊರು. ಅಲ್ಲಿನ ‘ಜಾರ್ಜ್’ ಎಂಬ ತಂಗುಮನೆಯ ಚರಿತ್ರೆಯನ್ನು ಬರೆಯಲು ಹೊರಟಾಗ ನಾನು ಮೊದಲು ಓದಿದ್ದು ಕಾಗದಪತ್ರಗಳನ್ನಲ್ಲ, ಕಟ್ಟಡವನ್ನೇ. ಮುಂಬಾಗಿಲು ದಾಟಿದೊಡನೆ ಮರದ ಹಲಗೆ ಹೊದಿಸಿದ ಎರಡು ಕೋಣೆಗಳು ಸಿಗುತ್ತವೆ. ಒಂದಕ್ಕೆ ‘ಲಂಡನ್’ ಎಂದು ಹೆಸರು, ಇನ್ನೊಂದಕ್ಕೆ ‘ಯಾರ್ಕ್’ ಎಂದು. ದಕ್ಷಿಣಕ್ಕೆ ಹೋಗುವವರು ಒಂದರಲ್ಲಿ, ಉತ್ತರಕ್ಕೆ ಹೋಗುವವರು ಇನ್ನೊಂದರಲ್ಲಿ ಕುಳಿತು, ಸಾರೋಟಿಗೆ ಹೊಸ ಕುದುರೆಗಳನ್ನು ಹೂಡುವವರೆಗೆ ಕಾಯುತ್ತಿದ್ದರು. ಲಂಡನ್ನಿನಿಂದ ಎಡಿನ್‌ಬರೊಗೆ ಸಾಗುವ ಗ್ರೇಟ್ ನಾರ್ತ್ ರೋಡ್ ಈ ಬಾಗಿಲ ಮುಂದೆಯೇ ಹಾದುಹೋಗುತ್ತಿತ್ತು. ಸಾರೋಟುಗಳ ಏರುಕಾಲದಲ್ಲಿ ಹೋಗುವವು 20, ಬರುವವು 20, ಹೀಗೆ ದಿನಕ್ಕೆ 40 ಸಾರೋಟುಗಳು ಇಲ್ಲಿ ನಿಲ್ಲುತ್ತಿದ್ದವು. ಆ ಎರಡು ಬಾಗಿಲುಗಳ ನಡುವೆ ನಿಂತಾಗ, ಇದು ಮಲಗಲೆಂದು ಕಟ್ಟಿದ ಮನೆಗಿಂತ ಹೆಚ್ಚಾಗಿ ಕುದುರೆ ಬದಲಿಸಲೆಂದು ಕಟ್ಟಿದ ನಿಲ್ದಾಣವೆಂಬುದು ನನಗೆ ಮನದಟ್ಟಾಯಿತು.

ದಾಖಲೆಗಳ ಹುಡುಕಾಟದಲ್ಲಿ ನಾನು ಒಂದು ತಪ್ಪು ಮಾಡಿದೆ. ಊರು ಲಿಂಕನ್‌ಷೈರಿನದೆಂದು ವಾರಗಟ್ಟಲೆ ಆ ಜಿಲ್ಲೆಯ ಕಡತಗಳನ್ನೇ ತಿರುವಿದೆ. ಆದರೆ ಜಾರ್ಜ್ ಇರುವುದು ವೆಲ್ಲಂಡ್ ನದಿಯ ದಕ್ಷಿಣ ದಡದ ಸೇಂಟ್ ಮಾರ್ಟಿನ್ಸ್‌ನಲ್ಲಿ. ಆ ಭಾಗ ಹಿಂದೆ ನಾರ್ತಾಂಪ್ಟನ್‌ಷೈರಿಗೆ ಸೇರಿತ್ತು. ಇಂಥ ಕೆಲಸಕ್ಕೆ ಕೈಹಾಕುವವರು ಮೊದಲು ಹಳೆಯ ಜಿಲ್ಲೆಯ ಗಡಿಯನ್ನು ನಕ್ಷೆಯಲ್ಲಿ ಗುರುತಿಸಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಭೂಒಡೆತನದ ಎಳೆ ಮಾತ್ರ ಸುಲಭವಾಗಿ ಸಿಕ್ಕಿತು: ಈಗಿನ ಮುಖ್ಯ ಕಟ್ಟಡವನ್ನು 1597ರಲ್ಲಿ ಕಟ್ಟಿಸಿದವನು ಎಲಿಜಬೆತ್ ರಾಣಿಯ ಮಂತ್ರಿ, ಬರ್ಲಿ ಪ್ರಭು ವಿಲಿಯಂ ಸೆಸಿಲ್, ಅವನ ಲಾಂಛನ ಇಂದಿಗೂ ಬಾಗಿಲ ಮೇಲಿದೆ.

ನನಗೆ ಹೆಚ್ಚು ನೆರವಾದದ್ದು ಹಳೆಯ ಪತ್ರಿಕೆಗಳ ಜಾಹೀರಾತುಗಳು. ಸಾರೋಟಿನ ಹೆಸರು, ಹೊರಡುವ ಗಂಟೆ, ದರ, ನಿಲ್ಲುವ ಮನೆ, ಎಲ್ಲವೂ ಅವುಗಳಲ್ಲಿ ದೊರೆಯುತ್ತವೆ. ಅವನ್ನು ವರ್ಷವಾರು ಜೋಡಿಸಿದರೆ ಒಂದು ಮನೆಯ ಏಳುಬೀಳು ತಾನಾಗಿ ಕಣ್ಣಿಗೆ ಕಟ್ಟುತ್ತದೆ. ರಸ್ತೆಗೆ ಅಡ್ಡಲಾಗಿ ನಿಂತಿರುವ ಗಲ್ಲುಮರದಂಥ ಫಲಕವು ದಾರಿಗಳ್ಳರಿಗೆ ಎಚ್ಚರಿಕೆಯೆಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕಥೆ ಸೊಗಸಾಗಿದೆ, ಆದರೂ ನಾನು ಅದನ್ನು ಐತಿಹ್ಯವೆಂದೇ ಬರೆದೆ.

1846ರಲ್ಲಿ ಊರಿಗೆ ರೈಲು ಬಂತು. ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಮುಖ್ಯ ಮಾರ್ಗವಾದರೋ ಸ್ಟ್ಯಾಮ್‌ಫರ್ಡನ್ನು ಬಿಟ್ಟು ಪೀಟರ್‌ಬರೊ ಮೂಲಕ ಸಾಗಿತು. ಸಾರೋಟುಗಳು ನಿಂತವು, ಲಾಯಗಳು ಬರಿದಾದವು. ಎರಡು ಕೋಣೆಗಳ ಹೆಸರುಗಳು ಮಾತ್ರ ಹಾಗೆಯೇ ಉಳಿದವು.