ಗ್ಲೂಕೋಸ್ ಅಣುವನ್ನು ನೀವೇ ಬಿಡಿಸಿ ನೋಡಿ

ಪಿಷ್ಟ ಆಗಿರುವುದು ಗ್ಲೂಕೋಸಿನಿಂದ. ಹತ್ತಿಯ ನಾರಿನ ಸೆಲ್ಯುಲೋಸ್ ಆಗಿರುವುದೂ ಗ್ಲೂಕೋಸಿನಿಂದಲೇ. ಒಂದು ನಮಗೆ ಜೀರ್ಣವಾಗುತ್ತದೆ, ಇನ್ನೊಂದು ಆಗುವುದಿಲ್ಲ. ಪಠ್ಯಪುಸ್ತಕದ ಚಿತ್ರವನ್ನು ಎಷ್ಟು ಸಲ ದಿಟ್ಟಿಸಿದರೂ ಇದರ ಕಾರಣ ಮನಸ್ಸಿಗೆ ಹತ್ತುವುದಿಲ್ಲ. ಕೈಯಾರೆ ಬಿಡಿಸಿದರೆ ಹತ್ತುತ್ತದೆ. ಹಾಳೆ, ಪೆನ್ಸಿಲ್, ರಬ್ಬರ್ ತೆಗೆದುಕೊಳ್ಳಿ.

ಮೊದಲು ಸರಪಳಿ. ಗ್ಲೂಕೋಸಿನಲ್ಲಿ 6 ಇಂಗಾಲ, 12 ಹೈಡ್ರೋಜನ್, 6 ಆಮ್ಲಜನಕ ಪರಮಾಣುಗಳಿವೆ. ಇಂಗಾಲಗಳನ್ನು ಮೇಲಿನಿಂದ ಕೆಳಕ್ಕೆ ಒಂದೇ ಸಾಲಿನಲ್ಲಿ ಬರೆದು 1ರಿಂದ 6ರವರೆಗೆ ಸಂಖ್ಯೆ ಕೊಡಿ. 1ನೆಯದಕ್ಕೆ ಆಮ್ಲಜನಕವನ್ನು ದ್ವಿಬಂಧದಿಂದ, ಅಂದರೆ ಎರಡು ಗೆರೆ ಎಳೆದು, ಸೇರಿಸಿ. ಉಳಿದ ಐದಕ್ಕೂ ಒಂದೊಂದು ಹೈಡ್ರಾಕ್ಸಿಲ್, ಅಂದರೆ ಓಎಚ್ ಗುಂಪು. 2ರಿಂದ 5ರವರೆಗೆ ಈ ಗುಂಪುಗಳು ಬಲ, ಎಡ, ಬಲ, ಬಲ. ಇದನ್ನು ಬಾಯಿಪಾಠ ಮಾಡಿಬಿಡಿ. 4ನೆಯದೊಂದನ್ನು ಎಡಕ್ಕೆ ಹಾಕಿದರೂ ಅದು ಗ್ಲೂಕೋಸ್ ಆಗಿ ಉಳಿಯದು, ಗ್ಯಾಲಕ್ಟೋಸ್ ಎಂಬ ಬೇರೆಯೇ ಸಕ್ಕರೆ ಆಗುತ್ತದೆ. ಅಣುವಿನ ಒಳಗನ್ನು ತೋರಿಸುವ ಯಾವ ಯಂತ್ರವೂ ಇಲ್ಲದ ಕಾಲದಲ್ಲಿ, ಬರೀ ರಾಸಾಯನಿಕ ಕ್ರಿಯೆಗಳ ಜಾಡು ಹಿಡಿದು ಜರ್ಮನ್ ರಸಾಯನವಿಜ್ಞಾನಿ ಎಮಿಲ್ ಫಿಶರ್ ಈ ಎಡ–ಬಲವನ್ನು ಪತ್ತೆಹಚ್ಚಿದರು. 1902ರಲ್ಲಿ ಅವರಿಗೆ ನೊಬೆಲ್ ಬಂತು. ನನಗಂತೂ ಇದು ಇಂದಿಗೂ ಬೆರಗು.

ಈಗ ಉಂಗುರ. ನೀರಿನಲ್ಲಿ ಗ್ಲೂಕೋಸ್ ಸರಪಳಿಯಾಗಿ ನಿಲ್ಲುವುದು ತೀರಾ ಅಪರೂಪ. 5ನೆಯ ಇಂಗಾಲದ ಆಮ್ಲಜನಕ ಬಾಗಿ ಬಂದು 1ನೆಯ ಇಂಗಾಲವನ್ನು ಹಿಡಿದುಕೊಳ್ಳುತ್ತದೆ. ಒಂದು ಷಟ್ಕೋನ ಬರೆಯಿರಿ. ಬಲ ಮೇಲ್ಮೂಲೆಗೆ ಆಮ್ಲಜನಕ, ಬಲತುದಿಗೆ 1ನೆಯ ಇಂಗಾಲ, ಅಲ್ಲಿಂದ ಗಡಿಯಾರದ ಮುಳ್ಳಿನಂತೆ 2, 3, 4, 5. ಆರನೆಯದು ಉಂಗುರದ ಹೊರಗೆ, 5ರ ಮೇಲೆ. ಸರಪಳಿಯಲ್ಲಿ ಬಲಕ್ಕಿದ್ದ ಓಎಚ್ ಇಲ್ಲಿ ಕೆಳಕ್ಕೆ, ಎಡಕ್ಕಿದ್ದದ್ದು ಮೇಲಕ್ಕೆ.

1ನೆಯ ಇಂಗಾಲಕ್ಕೆ ಬಂದಾಗ ಪೆನ್ಸಿಲ್ ನಿಲ್ಲಿಸಿ. ಉಂಗುರ ಮುಚ್ಚುವಾಗ ಅಲ್ಲಿ ಹೊಸದೊಂದು ಓಎಚ್ ಹುಟ್ಟಿದೆ. ಅದು ಕೆಳಕ್ಕಿದ್ದರೆ ಆಲ್ಫಾ ಗ್ಲೂಕೋಸ್, ಮೇಲಕ್ಕಿದ್ದರೆ ಬೀಟಾ. ನೀರಿನಲ್ಲಿ ಉಂಗುರ ಬಿಚ್ಚಿ ಮತ್ತೆ ಮುಚ್ಚುತ್ತಾ, ಕೊನೆಗೆ ಸುಮಾರು 36 ಪಾಲು ಆಲ್ಫಾ, 64 ಪಾಲು ಬೀಟಾ ಎಂಬ ಲೆಕ್ಕಕ್ಕೆ ಬಂದು ನಿಲ್ಲುತ್ತದೆ.

ಕೊನೆಯದು ಜೋಡಣೆ. ಎರಡು ಆಲ್ಫಾ ಉಂಗುರಗಳನ್ನು ಪಕ್ಕಪಕ್ಕ ಬರೆಯಿರಿ. ಮೊದಲನೆಯದರ 1, ಎರಡನೆಯದರ 4, ಎರಡರ ಓಎಚ್ ಕೂಡ ಕೆಳಕ್ಕಿವೆ. ನಡುವಿನಿಂದ ಒಂದು ನೀರಿನ ಅಣುವನ್ನು ತೆಗೆದರೆ ಉಂಗುರಗಳು ಒಂದೇ ಆಮ್ಲಜನಕದ ಮೂಲಕ ಬೆಸೆಯುತ್ತವೆ, ಅದು ಮಾಲ್ಟೋಸ್. ಹೀಗೇ ಮುಂದುವರಿಸಿದರೆ ಸರಪಳಿ ಸುರುಳಿ ಸುತ್ತುತ್ತದೆ, ಪಿಷ್ಟವಾಗುತ್ತದೆ. ಅಯೋಡಿನ್ ಹಾಕಿದಾಗ ಪಿಷ್ಟ ಕಡುನೀಲಿಯಾಗುವುದು ಆ ಸುರುಳಿಯ ಪೊಳ್ಳಿನೊಳಗೆ ಅಯೋಡಿನ್ ಸೇರಿಕೊಳ್ಳುವುದರಿಂದ.

ಬೀಟಾ ಉಂಗುರಗಳನ್ನು ಹಾಗೆಯೇ ಜೋಡಿಸಲು ಹೋಗಿ. ಒಂದರ ಓಎಚ್ ಮೇಲೆ, ಇನ್ನೊಂದರದು ಕೆಳಗೆ; ಸೇರುವುದಿಲ್ಲ. ಎರಡನೆಯ ಉಂಗುರವನ್ನು ತಲೆಕೆಳಗು ಮಾಡಿ, ಸೇರುತ್ತದೆ. ಒಂದು ನೆಟ್ಟಗೆ, ಒಂದು ತಲೆಕೆಳಗೆ ಎಂದು ಸಾಗುವ ಈ ಸರಪಳಿಗೆ ಸುರುಳಿಯಾಗುವ ಪ್ರಶ್ನೆಯಿಲ್ಲ. ನೇರ ಎಳೆಗಳು ಒತ್ತೊತ್ತಾಗಿ ನಿಂತು ಹೈಡ್ರೋಜನ್ ಬಂಧಗಳಿಂದ ಬಿಗಿದುಕೊಳ್ಳುತ್ತವೆ. ನೀರಿನಲ್ಲಿ ಕರಗದ, ಗಿಡಮರಗಳನ್ನು ನಿಲ್ಲಿಸುವ ಸೆಲ್ಯುಲೋಸ್ ಇದೇ. ನಮ್ಮ ಜೊಲ್ಲಿನ ಅಮೈಲೇಸ್ ಕಿಣ್ವ ಆಲ್ಫಾ ಬಂಧವನ್ನು ಕತ್ತರಿಸಬಲ್ಲದು, ಬೀಟಾ ಬಂಧ ಅದರ ಹಿಡಿತಕ್ಕೆ ಸಿಗುವುದಿಲ್ಲ. ಹುಲ್ಲು ತಿನ್ನುವ ಹಸುವಿಗೂ ಸ್ವಂತಕ್ಕೆ ಅಂಥ ಕಿಣ್ವವಿಲ್ಲ. ಅದರ ಹೊಟ್ಟೆಯ ಸೂಕ್ಷ್ಮಜೀವಿಗಳು ಆ ಕೆಲಸ ಮಾಡಿಕೊಡುತ್ತವೆ.