ಕಕ್ಕಡದ ಮಳೆಯೂ ಪೈಪಿನೊಳಗಿನ ಚಿತ್ರವೂ

ಕುಶಾಲನಗರದ ನಮ್ಮ ಕಾಫಿ ಕ್ಯೂರಿಂಗ್ ಘಟಕದಲ್ಲಿ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಹದಗೊಳಿಸುವ ಜಾಗ) ಹೊಟ್ಟನ್ನು ಗಾಳಿಯಿಂದ ತಳ್ಳುವ ಪೈಪು ತಿರುವಿನಲ್ಲಿ ಪದೇಪದೇ ಕಟ್ಟಿಕೊಳ್ಳುತ್ತಿತ್ತು. ತಿರುವಿನ ಪಕ್ಕದ ಪ್ಲಾಸ್ಟಿಕ್ ಪೈಪಿಗೆ 8 ತಾಮ್ರದ ಪಟ್ಟಿ ಸುತ್ತಿ ಕೆಪ್ಯಾಸಿಟೆನ್ಸ್ ಟೊಮೊಗ್ರಫಿ ಸೆನ್ಸರ್ ಮಾಡಿದೆ. ಎರಡು ಪಟ್ಟಿಗಳ ನಡುವೆ ಎಷ್ಟು ವಿದ್ಯುದಾವೇಶ ಹಿಡಿಯುತ್ತದೆ (ಕೆಪ್ಯಾಸಿಟೆನ್ಸ್) ಎಂಬುದು ನಡುವಿನ ವಸ್ತುವಿನ ಮೇಲೆ ನಿಂತಿದೆ; ಅದನ್ನು ಅಳೆದು ಪೈಪಿನ ಒಳಗನ್ನು ತೋರಿಸುವ ಸಾಧನ ಇದು. ಜೋಡಿ ಜೋಡಿಯಾಗಿ ಅಳೆದರೆ 28 ಅಳತೆ. ಅವುಗಳಿಂದ ಪೈಪನ್ನು ಅಡ್ಡ ಕೊಯ್ದು ನೋಡಿದಂಥ ಚಿತ್ರ.

ಬೇಸಿಗೆಯಲ್ಲಿ ಸರಿಯಿತ್ತು. ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆ ಹಿಡಿದದ್ದೇ ಖಾಲಿ ಪೈಪೂ ಅರ್ಧ ತುಂಬಿದಂತೆ ಕಾಣತೊಡಗಿತು. ಎರಡು ದಿನ ಸಾಫ್ಟ್‌ವೇರ್ ಕೆದಕಿದೆ. ಕಾರಣ ತೇವ! ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ (ವಸ್ತು ಕೆಪ್ಯಾಸಿಟೆನ್ಸನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬ ಸಂಖ್ಯೆ) ಸುಮಾರು 80, ಒಣ ಹೊಟ್ಟಿನದು ಅದಕ್ಕಿಂತ ಎಷ್ಟೋ ಕಡಿಮೆ. ಪೈಪಿನ ಒಳಮೈ ತೆಳುವಾಗಿ ಬೆವರಿದರೂ ಚಿತ್ರ ಕೆಡುತ್ತದೆ.

ಬಿಸಿಗಾಳಿ ಹಾಯಿಸಿ ಒಣಗಿಸಿ ಖಾಲಿ ಅಳತೆ, ಆ ದಿನದ್ದೇ ಹೊಟ್ಟು ತುಂಬಿ ಭರ್ತಿ ಅಳತೆ, ಚಿತ್ರ ಕಟ್ಟಲು ಹೋಲಿಕೆಗೆ ಬೇಕಾದ ಈ ಎರಡನ್ನೂ ಹೊಸದಾಗಿ ತೆಗೆದೆ. ತಳದಲ್ಲಿ ಹೊಟ್ಟು ಕೂರುವುದು ಸ್ಪಷ್ಟವಾಗಿ ಕಂಡಿತು. ಬ್ಲೋವರ್ ವೇಗ ಏರಿಸಿದ ಮೇಲೆ ಪೈಪು ಕಟ್ಟಿಲ್ಲ.