ಎರಡು ಫೇಸ್ ಕರಗಿತ್ತು, ಮೂರನೆಯದು ಹೊಸದರಂತಿತ್ತು

ಚಿಂತಾಮಣಿ ಕಡೆ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟ ಹೊಸದರಲ್ಲಿ ಯಾವ ಕೆಲಸ ಬಂದರೂ ಬೇಡ ಅಂದವನಲ್ಲ. ಮಿಕ್ಸಿ, ಫ್ಯಾನು, ಹಿಟ್ಟಿನ ಗಿರಣಿ ಮೋಟಾರು, ಬೋರಿನ ಸಬ್‌ಮರ್ಸಿಬಲ್, ಎಲ್ಲಾ ಒಂದೇ ಮೇಜಿನ ಮೇಲೆ. ಸುಟ್ಟ ಕಾಯಿಲ್ ಬಿಚ್ಚು, ಸುತ್ತು ಎಣಿಸು, ಅದೇ ಗೇಜಿನ ತಂತಿ ಸುತ್ತು, ದುಡ್ಡು ಎಣಿಸು. ಎಂಟು ವರ್ಷ ಹೀಗೇ ನಡೀತು.

ನನ್ನ ಜಂಬ ಇಳಿಸಿದ್ದು ಒಂದು 10 ಎಚ್‌ಪಿ ಮೋಟಾರು. ಎರಡು ತಿಂಗಳಲ್ಲಿ ಮೂರು ಸಲ ಸುಟ್ಟು ಬಂತು. ಬೋರು 900 ಅಡಿ. ಒಂದು ಸಲ ಎತ್ತಿ ಇಳಿಸಬೇಕೆಂದರೆ 20 ಅಡಿಯ 45 ಲೆಂತ್ ಪೈಪು ಬಿಚ್ಚಿ ಮತ್ತೆ ಜೋಡಿಸಬೇಕು. ಅಷ್ಟರಲ್ಲಿ ಟೊಮೆಟೊ ಹೂವು ಉದುರಿಹೋಗುತ್ತೆ. ಮೂರನೇ ಸಲ ರೈತರು ಗಾಡಿಯಿಂದ ಇಳಿಯುತ್ತಲೇ, "ಏನಪ್ಪಾ, ತಂತಿ ಹಾಕ್ತೀಯೋ, ದಾರ ಸುತ್ತಿ ಕೊಡ್ತೀಯೋ?" ಅಂದರು. ನನಗೆ ಬಾಯಿ ಬರಲಿಲ್ಲ.

ಅವತ್ತು ಬಿಚ್ಚಿದವನು ತಕ್ಷಣ ಕಟ್ಟರ್ ಹಿಡಿಯಲಿಲ್ಲ. ಸ್ಟೇಟರನ್ನು, ಅಂದರೆ ತಂತಿ ಸುತ್ತಿರುವ ತಿರುಗದ ಹೊರಭಾಗವನ್ನು, ಬಿಸಿಲಿಗೆ ತಂದು ನೋಡಿದೆ. ಮೂರು ಫೇಸ್ ಕರೆಂಟಿಗೆ ಒಳಗೆ ಮೂರು ಗುಂಪು ಸುತ್ತು ಇರುತ್ತೆ. ಅದರಲ್ಲಿ ಎರಡು ಫೇಸಿನ ತಂತಿಗಳ ಪ್ಲಾಸ್ಟಿಕ್ ಕರಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಮೂರನೇ ಫೇಸು ನಾನು ಸುತ್ತಿದ ದಿನ ಹೇಗಿತ್ತೋ ಹಾಗೇ. ಒಳಗೆ ಸ್ಟಾರ್ ಕಟ್ಟಿರುವ, ಅಂದರೆ ಮೂರೂ ಗುಂಪಿನ ಒಂದೊಂದು ತುದಿ ಒಂದೇ ಕಡೆ ಸೇರಿಸಿರುವ ಮೋಟಾರಿಗೆ ಕರೆಂಟಿನ ಒಂದು ಫೇಸ್ ತಪ್ಪಿದರೆ ಉಳಿದ ಎರಡು ಸುಡುತ್ತವೆ. ತುದಿಗೆ ತುದಿ ಕೂಡಿಸಿ ತ್ರಿಕೋನದಂತೆ ಕಟ್ಟಿದ ಡೆಲ್ಟಾ ಆಗಿದ್ದರೆ ಒಂದು ಸುಟ್ಟು ಎರಡು ಉಳಿಯುತ್ತೆ. ಮೂರೂ ಒಂದೇ ಸಮ ಬೆಂದಿದ್ದರೆ ವೋಲ್ಟೇಜ್ ಕಮ್ಮಿಯೋ, ಪಂಪು ಜಾಮೋ. ಇದೇನು ನನಗೆ ಗೊತ್ತಿಲ್ಲದ್ದಲ್ಲ, ಕಲಿಯುವಾಗಲೇ ಮೇಸ್ತ್ರಿ ಹೇಳಿದ್ದರು. ಹತ್ತು ಮಿಕ್ಸಿಗಳ ನಡುವೆ ನಿಂತು ನೋಡುವ ವ್ಯವಧಾನ ಇರಲಿಲ್ಲ, ಅಷ್ಟೆ.

ಅವರ ಗಾಡಿಯಲ್ಲೇ ತೋಟಕ್ಕೆ ಹೋದೆ. ಸ್ಟಾರ್ಟರ್ ಮುಚ್ಚಳ ತೆಗೆದರೆ ಕರೆಂಟ್ ಕೂಡಿಸುವ ಒಂದು ಪಾಯಿಂಟು ಕರಕಲು. ಒಂದು ಸಲ ಕೂಡುತ್ತೆ, ಒಂದು ಸಲ ಇಲ್ಲ. ಒಂದು ಫೇಸ್ ತಪ್ಪಿದರೆ ಮೋಟಾರ್ ನಿಲ್ಲಿಸೋ ಪ್ರಿವೆಂಟರ್ ಪದೇಪದೇ ಟ್ರಿಪ್ ಆಗುತ್ತೆ ಅಂತ ಅದನ್ನೂ ಬೈಪಾಸ್ ಮಾಡಿಸಿದ್ದರು. ರಾತ್ರಿ ಕರೆಂಟ್ ಬಂದಾಗ ಆಟೋ ಸ್ವಿಚ್ಚು ತಾನೇ ಮೋಟಾರ್ ಹಾಕುತ್ತೆ. ಎರಡೇ ಫೇಸಲ್ಲಿ ಅದು 900 ಅಡಿ ಕೆಳಗೆ ಒದ್ದಾಡೋದು ಯಾರ ಕಿವಿಗೆ ಬೀಳಬೇಕು? ಪಾಯಿಂಟು ಬದಲಾಯಿಸಿ, ಪ್ರಿವೆಂಟರ್ ಕೂಡಿಸಿ ಬಂದೆ. ಆ ಮೋಟಾರು ನಾಲ್ಕನೇ ಸಲ ಬರಲಿಲ್ಲ.

ಆಮೇಲೆ ಸಬ್‌ಮರ್ಸಿಬಲ್ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಆರು ತಿಂಗಳು ಗಲ್ಲಾ ಬಣಗುಟ್ಟಿತು. "ದೊಡ್ಡ ಮನುಷ್ಯ ಆಗ್ಬಿಟ್ಟ, ಮಿಕ್ಸಿ ಮುಟ್ಟಲ್ಲವಂತೆ" ಅಂತ ಬೀದಿಯಲ್ಲಿ ಆಡಿಕೊಂಡರು.

ಸುತ್ತುವ ಕೈ ಈಗಲೂ ಹಳೆಯದೇ. ಸ್ಲಾಟಿನೊಳಗೆ ತಂತಿಯನ್ನು ಒಂದೊಂದೇ ಸುತ್ತು ಈ ಕಡೆಯಿಂದ ಆ ಕಡೆಗೆ ತೂರಿಸಿ ಎಳೆಯಬೇಕು. ಮೋಟಾರಿನೊಳಗೆ ನೀರೇ ತುಂಬಿರುತ್ತೆ, ಹಾಗಾಗಿ ಅಂಚು ತಾಗಿ ಕೂದಲೆಳೆಯಷ್ಟು ಗೀರು ಬಿದ್ದರೂ ಕೆಲಸ ಕೆಟ್ಟಂತೆ. ರಾತ್ರಿಯಿಡೀ ಡ್ರಮ್ಮಿನ ನೀರಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಕರೆಂಟ್ ಸೋರುತ್ತಾ ಅಂತ ನೋಡುವ ಮೆಗ್ಗರ್ ಮೀಟರ್ ಹಚ್ಚದೆ ಯಾರು ಅವಸರ ಮಾಡಿದರೂ ಕೊಡೋದಿಲ್ಲ. ಬದಲಾಗಿರೋದು ಸುತ್ತೋಕೆ ಮುಂಚಿನ ಅರ್ಧ ಗಂಟೆ. ಊರು, ಬೋರಿನ ಆಳ, ಯಾವ ಫೇಸ್ ಹೋಗಿದೆ, ಪಂಪಿನ ಭಾರ ಹೊರುವ ಥ್ರಸ್ಟ್ ಬೇರಿಂಗಿನಲ್ಲಿ ಮರಳಿನ ಗೀರಿದೆಯೋ, ಎಲ್ಲಾ ನೋಟ್‌ಬುಕ್ಕಿಗೆ ಹೋಗುತ್ತೆ. ಕಾರಣ ಸಿಗದಿದ್ದರೆ ಸ್ಟಾರ್ಟರ್ ಬಿಚ್ಚಿ ತನ್ನಿ ಅನ್ನುತ್ತೇನೆ. ಕೆಲವರು ಮುಖ ಗಂಟಿಕ್ಕಿಕೊಂಡು ಬೇರೆ ಅಂಗಡಿಗೆ ಹೋಗುತ್ತಾರೆ. ಹೋಗಲಿ.

ಸಣ್ಣ ಕೆಲಸದ ಕೈ ತಪ್ಪಿದೆ, ಸುಳ್ಳು ಯಾಕೆ ಹೇಳಲಿ. ಹೋದ ಬೇಸಿಗೆಯಲ್ಲಿ ನನ್ನ ಅಂಗಡಿಯದೇ ರಿಮೋಟ್ ಫ್ಯಾನು ನಿಂತುಹೋದಾಗ ಎದುರಂಗಡಿ ಹುಡುಗನನ್ನು ಕರೆದೆ. ಏಣಿ ಹತ್ತಿದವನು ಮೇಲಿಂದಲೇ, "ಅಣ್ಣಾ, ಇದು ನಿಮಗೇ ಬರಲ್ವಾ?" ಅಂದ. "ಸರ್ಕ್ಯೂಟ್ ಬೋರ್ಡಿನ ವಿಷಯ ನಿಂದಪ್ಪಾ, ನೋಡು" ಅಂದು ಏಣಿ ಹಿಡಿದುಕೊಂಡೆ.